ಮೊದಲ ಭಾಗವೋ, ಎರಡನೆಯದೋ? ಸೂಪರ್‌ಹೀರೊ ಸಿನಿಮಾ ಆರಿಸುವವರಿಗೆ

ಒಂದೇ ಸಂಜೆ ಪುರುಸೊತ್ತಿದೆ, ಒಂದೇ ಸೂಪರ್‌ಹೀರೊ ಸಿನಿಮಾ ನೋಡೋದು ಅಂದ್ರೆ 2004ರ ‘ಸ್ಪೈಡರ್‌ಮ್ಯಾನ್ 2’ ನೋಡಿ. ಮೊದಲ ಭಾಗ ನೋಡಿಲ್ಲ ಅಂತ ಹಿಂಜರಿಯಬೇಡಿ. ಎರಡು ಸಂಜೆ ಸಿಕ್ಕರೆ ‘ಬ್ಯಾಟ್‌ಮನ್ ಬಿಗಿನ್ಸ್’ ಮತ್ತು ‘ದ ಡಾರ್ಕ್ ನೈಟ್’, ಅದೇ ಕ್ರಮದಲ್ಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ‘ದ ಇನ್‌ಕ್ರೆಡಿಬಲ್ಸ್’ ಮೊದಲನೆಯದು. ‘ವಂಡರ್ ವುಮನ್’ ಕೂಡ ಮೊದಲನೆಯದೇ ಸಾಕು. ಅವಸರದಲ್ಲಿ ಇರೋರು ಇಷ್ಟು ಓದಿ ರಿಮೋಟ್ ಹಿಡಿಯಬಹುದು. ಅದ್ಯಾಕೆ ಹಾಗೆ ಅಂತ ವಾದಕ್ಕೆ ಬರೋರು ಮುಂದೆ ಓದಿ.

ವಾದಕ್ಕೆ ನಮ್ಮ ಬಳ್ಳಾರಿಯಲ್ಲಿ ಬರ ಇಲ್ಲ. ಒಗ್ಗರಣೆ-ಮಿರ್ಚಿ ಅಂಗಡಿ ಮುಂದೆ ನಿಂತು ಯಾವ ಸಿನಿಮಾದ ಎರಡನೇ ಭಾಗದ ಹೆಸರೆತ್ತಿದರೂ ಒಬ್ಬ ಹೇಳಿಯೇ ಹೇಳುತ್ತಾನೆ: “ಫಸ್ಟ್ ಪಾರ್ಟ್‌ನಷ್ಟು ಇಲ್ಲ ಬಿಡಣ್ಣ.” ಸಿನಿಮಾ ನೋಡದೆಯೂ ಹೇಳಬಹುದಾದ ಮಾತು ಇದು. ಬಹಳ ಸಲ ನಿಜವೂ ಆಗುತ್ತದೆ, ಅದಕ್ಕೇ ಹೇಳಿದವನು ಗೆದ್ದವನ ಹಾಗೆ ಇನ್ನೊಂದು ಮಿರ್ಚಿ ತಗೊಳ್ಳುತ್ತಾನೆ. ಆದರೆ ಸೂಪರ್‌ಹೀರೊಗಳ ವಿಷಯದಲ್ಲಿ ಈ ಮಾತು ಕೈ ಕೊಡೋದೇ ಜಾಸ್ತಿ. ಈ ಜಾತಿಯ ಸಿನಿಮಾಗಳಲ್ಲಿ ಅತ್ಯುತ್ತಮ ಅಂತ ನಾನು ಎಣಿಸುವ ನಾಲ್ಕೈದರಲ್ಲಿ ಮುಕ್ಕಾಲು ಪಾಲು ಎರಡನೇ ಭಾಗಗಳೇ.

ಹೋಲಿಸುವ ಮುಂಚೆ ಒಂದು ವಿಷಯ. ಮೊದಲ ಭಾಗವನ್ನು ನಾವು ನೋಡಿದ್ದು ಯಾವಾಗ? ಶಾಲೆಗೆ ಹೋಗುವಾಗ, ಟಿವಿಯಲ್ಲಿ, ಹಿಂದಿ ಇಲ್ಲವೇ ತೆಲುಗು ಡಬ್ಬಿಂಗ್‌ನಲ್ಲಿ. ಬಳ್ಳಾರಿ, ರಾಯಚೂರು ಕಡೆಯ ಎಷ್ಟೋ ಜನರಿಗೆ ಸ್ಪೈಡರ್‌ಮ್ಯಾನ್ ಇವತ್ತಿಗೂ ತೆಲುಗಿನಲ್ಲೇ ಮಾತಾಡುತ್ತಾನೆ. ಆ ವಯಸ್ಸಿನಲ್ಲಿ ಗೋಡೆ ಹತ್ತುವ ಮನುಷ್ಯನನ್ನು ನೋಡಿದ ಖುಷಿಯೇ ಬೇರೆ. ಮುಂದಿನ ಭಾಗ ನೋಡುವ ಹೊತ್ತಿಗೆ ನಮಗೂ ವಯಸ್ಸಾಗಿರುತ್ತದೆ, ತಲೆ ಮೇಲೆ ಇಎಂಐ ಇರುತ್ತದೆ. ಅದಕ್ಕೆ ಸಿನಿಮಾದವರು ಏನು ಮಾಡಿಯಾರು? ಎರಡನ್ನೂ ಒಂದೇ ವಾರದಲ್ಲಿ ನೋಡಿ, ಆಮೇಲೆ ತೀರ್ಪು ಕೊಡಿ.

ಮೊದಲ ಭಾಗಕ್ಕೆ ಕಥೆ ಸಿದ್ಧವಾಗಿಯೇ ಇರುತ್ತದೆ. ಸಾಮಾನ್ಯ ಹುಡುಗ, ಏನೋ ಒಂದು ಆಗುತ್ತದೆ, ಶಕ್ತಿ ಬರುತ್ತದೆ, ಬಟ್ಟೆ ಹೊಲಿದುಕೊಳ್ಳುತ್ತಾನೆ, ಮೊದಲ ಸಲ ಹಾರುತ್ತಾನೆ. ಆ ಮೊದಲ ಹಾರಾಟದ ಮಜಾ ಎರಡನೇ ಭಾಗಕ್ಕೆ ಇಲ್ಲ. ಅದು ಬೇರೆ ಏನನ್ನಾದರೂ ತರಲೇಬೇಕು. ಕೆಲವರು ಖಳರನ್ನು ಜಾಸ್ತಿ ಮಾಡುತ್ತಾರೆ, ಕಟ್ಟಡ ಜಾಸ್ತಿ ಬೀಳಿಸುತ್ತಾರೆ. ಇನ್ನು ಕೆಲವರು ಆ ಶಕ್ತಿಯಿಂದ ಹೀರೊನ ಬದುಕಿಗೆ ಬಿದ್ದ ಹೊಡೆತ ಏನು ಅಂತ ಕೇಳುತ್ತಾರೆ. ಬಾಡಿಗೆ ಕಟ್ಟಿದನಾ, ಹುಡುಗಿ ಉಳಿದಳಾ, ರಾತ್ರಿ ನಿದ್ದೆ ಬರುತ್ತಾ? ಹೀಗೆ ಕೇಳಿದ ಸಿನಿಮಾಗಳೇ ಮೊದಲನೆಯದನ್ನು ಹಿಂದೆ ಹಾಕಿವೆ. ಕೆಳಗಿನ ಜೋಡಿಗಳನ್ನೆಲ್ಲ ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ.

ಸ್ಪೈಡರ್‌ಮ್ಯಾನ್ (2002) ಮತ್ತು ಸ್ಪೈಡರ್‌ಮ್ಯಾನ್ 2 (2004)

ಎರಡನ್ನೂ ನಿರ್ದೇಶಿಸಿದ್ದು ಸ್ಯಾಮ್ ರೈಮಿ. ಎರಡರಲ್ಲೂ ಪೀಟರ್ ಪಾರ್ಕರ್ ಆಗಿರುವುದು ಟೋಬಿ ಮ್ಯಾಗ್ವೈರ್. ಹಾಗಾಗಿ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗೋದಿಲ್ಲ.

ಮೊದಲನೆಯದು ಗಟ್ಟಿ ಸಿನಿಮಾ. ಅದರ ಬೇರು ಇರುವುದು ಕುಸ್ತಿಯ ದೃಶ್ಯದಲ್ಲಿ. ಕಾರು ಕೊಳ್ಳುವ ಆಸೆಗೆ ಪೀಟರ್ ದುಡ್ಡಿನ ಕುಸ್ತಿಗೆ ಹೋಗುತ್ತಾನೆ, ಮೈ ಮೇಲೆ ಅರೆಬರೆ ಹೊಲಿದ ಬಟ್ಟೆ. ಗೆದ್ದರೂ ಆಟ ನಡೆಸುವವನು ಹೇಳಿದಷ್ಟು ದುಡ್ಡು ಕೊಡದೆ ಕಳಿಸುತ್ತಾನೆ. ಅದೇ ಹೊತ್ತಿಗೆ ಒಬ್ಬ ಕಳ್ಳ ಆ ಆಟ ನಡೆಸುವವನ ಹಣ ದೋಚಿ ಓಡುತ್ತಾನೆ. ತಡೆಯಬಹುದಿತ್ತು, ಪೀಟರ್ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಆ ಕಳ್ಳ ಓಡಿಹೋಗುವಾಗಲೇ ಪೀಟರ್‌ನನ್ನು ಸಾಕಿದ ಚಿಕ್ಕಪ್ಪನ ಕೊಲೆ ಆಗುತ್ತದೆ. “ನನಗೇನು” ಅನ್ನೋ ಆ ಒಂದು ಕ್ಷಣ ಅವನನ್ನು ಮುಂದಿನ ಎರಡು ಸಿನಿಮಾಗಳವರೆಗೂ ಬಿಡೋದಿಲ್ಲ. ಮೊದಲ ಭಾಗದ ಕೊರತೆ ಅಂದ್ರೆ ಖಳನ ಮುಖವಾಡ. ವಿಲೆಮ್ ಡೆಫೊ ಅಂಥ ನಟನ ಮುಖವನ್ನು ಗಟ್ಟಿ ಹಸಿರು ಮುಖವಾಡದ ಹಿಂದೆ ಮುಚ್ಚಿಟ್ಟಿದ್ದಾರೆ. ಕನ್ನಡಿ ಮುಂದೆ ತನ್ನೊಂದಿಗೆ ತಾನೇ ಮಾತಾಡುವ ದೃಶ್ಯದಲ್ಲಿ ಆ ಮುಖವಾಡ ಇಲ್ಲ. ಹೆದರಿಕೆ ಆಗುವುದು ಅಲ್ಲೇ.

ಎರಡನೆಯದು ಶುರುವಾಗುವುದು ಪಿಜ್ಜಾದಿಂದ. ಸ್ಪೈಡರ್‌ಮ್ಯಾನ್ ಪಿಜ್ಜಾ ಹಂಚುವ ಹುಡುಗ. 29 ನಿಮಿಷದೊಳಗೆ ತಲುಪಿಸಬೇಕು, ದಾರಿಯಲ್ಲಿ ಮಕ್ಕಳನ್ನು ಕಾಪಾಡಲು ನಿಲ್ಲುತ್ತಾನೆ, ತಡವಾಗುತ್ತದೆ, ಕೆಲಸ ಹೋಗುತ್ತದೆ. ತಲುಪಿದ ಕಚೇರಿಯಲ್ಲಿ ಪೊರಕೆ ಇಡುವ ಕೋಣೆಯಿಂದ ಹೊರಗೆ ಬರುವಾಗ ಪೊರಕೆಗಳು ಒಂದರ ಮೇಲೊಂದು ಬೀಳುತ್ತಲೇ ಇರುತ್ತವೆ, ಇವನು ಮತ್ತೆ ಮತ್ತೆ ಒಳಗೆ ತುರುಕುತ್ತಾನೆ. ಕೌಂಟರ್‌ನಲ್ಲಿ ಕೂತ ಹೆಣ್ಣುಮಗಳು ಸುಮ್ನೆ ನೋಡುತ್ತಾಳೆ. ಊರು ಕಾಯುವವನ ಮರ್ಯಾದೆ ಮೊದಲ ಹತ್ತು ನಿಮಿಷದಲ್ಲೇ ಹರಾಜು.

ಆಮೇಲೆ ಬಟ್ಟೆ ಒಗೆಯಲು ಹಾಕಿದರೆ ವೇಷದ ಕೆಂಪು-ನೀಲಿ ಬಣ್ಣ ಬಿಳಿ ಬಟ್ಟೆಗೆಲ್ಲ ಹತ್ತುತ್ತದೆ. ಶಕ್ತಿ ಕೈ ಕೊಟ್ಟಾಗ ಅದೇ ವೇಷದಲ್ಲಿ ಲಿಫ್ಟ್‌ನಲ್ಲಿ ಇಳಿಯುತ್ತಾನೆ. ಜೊತೆಗಿದ್ದವನು ಡ್ರೆಸ್ ಚೆನ್ನಾಗಿದೆ ಅನ್ನುತ್ತಾನೆ, ಇವನು ತುರಿಕೆ ಆಗುತ್ತೆ ಅನ್ನುತ್ತಾನೆ. ಇನ್ನು ಬ್ಯಾಂಕಿನ ದೃಶ್ಯ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಪೀಟರ್‌ನನ್ನು ಸಾಕಿದ ಮೇ ಚಿಕ್ಕಮ್ಮನಿಗೆ ಮನೆ ಉಳಿಸಿಕೊಳ್ಳಲು ಸಾಲ ಬೇಕು, ಸಿಗೋದಿಲ್ಲ. ಹೋಗಲಿ, ಹೊಸ ಖಾತೆಗೆ ಕೊಡುವ ಟೋಸ್ಟರ್ ಆದರೂ ಸಿಕ್ಕಿತಲ್ಲ ಅಂದರೆ, ಅದು 300 ಡಾಲರ್ ಠೇವಣಿ ಇಟ್ಟವರಿಗೆ ಮಾತ್ರ ಅನ್ನುತ್ತಾನೆ ಬ್ಯಾಂಕಿನವನು. ಈ ಸಣ್ಣ ಸಣ್ಣ ಅವಮಾನಗಳ ನಡುವೆ ಡಾಕ್ಟರ್ ಆಕ್ಟೋಪಸ್ ಬರುತ್ತಾನೆ. ಆಲ್‌ಫ್ರೆಡ್ ಮೊಲಿನಾ ಮುಖಕ್ಕೆ ಮುಖವಾಡ ಇಲ್ಲ, ಕಣ್ಣಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ದುಃಖ ಕಾಣುತ್ತದೆ. ಆಸ್ಪತ್ರೆಯಲ್ಲಿ ಅವನ ಬೆನ್ನಿನ ಲೋಹದ ಕೈಗಳು ತಾವೇ ಎದ್ದು ಡಾಕ್ಟರುಗಳ ಮೇಲೆ ಬೀಳುವ ದೃಶ್ಯ ಪಕ್ಕಾ ದೆವ್ವದ ಸಿನಿಮಾ. ರೈಮಿ ಹೆಸರು ಮಾಡಿದ್ದೇ ದೆವ್ವದ ಸಿನಿಮಾಗಳಿಂದ. ಸಣ್ಣ ಮಕ್ಕಳಿದ್ದರೆ ಆ ಎರಡು ನಿಮಿಷ ಓಡಿಸಿಬಿಡಿ.

ರೈಲಿನ ದೃಶ್ಯದ ಬಗ್ಗೆ ಎಷ್ಟು ಬರೆದರೂ ಸಾಲದು. ಬ್ರೇಕ್ ಇಲ್ಲದ ರೈಲನ್ನು ಬಲೆಯ ಎಳೆಗಳಿಂದ ಹಿಡಿದು ನಿಲ್ಲಿಸುತ್ತಾನೆ, ವೇಷ ಹರಿಯುತ್ತದೆ, ಮುಖವಾಡ ಮೊದಲೇ ಹೋಗಿರುತ್ತದೆ. ಎಚ್ಚರ ತಪ್ಪಿ ಬೀಳುವವನನ್ನು ಪ್ರಯಾಣಿಕರು ಹಿಡಿದು, ತಲೆ ಮೇಲಿಂದ ಕೈಯಿಂದ ಕೈಗೆ ಸಾಗಿಸಿ ಒಳಗೆ ಮಲಗಿಸುತ್ತಾರೆ. ಒಬ್ಬ ಹೇಳುತ್ತಾನೆ, ಇವನಿನ್ನೂ ಹುಡುಗ, ನನ್ನ ಮಗನ ವಯಸ್ಸು ಅಷ್ಟೇ ಅಂತ. ಇಬ್ಬರು ಹುಡುಗರು ಮುಖವಾಡ ತಂದು ಕೊಟ್ಟು ಯಾರಿಗೂ ಹೇಳಲ್ಲ ಅನ್ನುತ್ತಾರೆ. ಮೊದಲ ಭಾಗದಲ್ಲಿ ಹೆಚ್ಚಾಗಿ ಇವನು ಜನರನ್ನು ಕಾಪಾಡಿದ್ದೇ ಇತ್ತು. ಇಲ್ಲಿ ಜನ ಇವನನ್ನು ಕಾಪಾಡುತ್ತಾರೆ. ಈ ಸಿನಿಮಾಕ್ಕೆ ವಿಷುವಲ್ ಎಫೆಕ್ಟ್ಸ್‌ನ ಆಸ್ಕರ್ ಬಂದಿದೆ, ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಆ ಕೈಗಳು.

ಮೊದಲ ಭಾಗ ನೋಡದಿದ್ದರೂ ನಡೆಯುತ್ತದೆ ಅಂದೆನಲ್ಲ, ಕಾರಣ ಇದೆ. ಎರಡನೆಯದರ ಶುರುವಿನಲ್ಲಿ ಹೆಸರುಗಳು ಬರುವಾಗ ಹಿಂದಿನ ಕಥೆಯ ಮುಖ್ಯ ಘಟನೆಗಳನ್ನೆಲ್ಲ ಚಿತ್ರಗಳಲ್ಲಿ ತೋರಿಸುತ್ತಾರೆ. ಕಾಮಿಕ್ಸ್ ಕಲಾವಿದ ಅಲೆಕ್ಸ್ ರಾಸ್ ಬರೆದ ಚಿತ್ರಗಳು. ಆಗ ಫೋನ್ ನೋಡುತ್ತಾ ಕೂರಬೇಡಿ.

ಇನ್ನು ಕಲೆಕ್ಷನ್ ಲೆಕ್ಕ ಹಿಡಿದು ವಾದ ಮಾಡೋರಿಗೆ: ಮೊದಲನೆಯದು ಜಗತ್ತಿನಾದ್ಯಂತ ಸುಮಾರು 82 ಕೋಟಿ ಡಾಲರ್ ಗಳಿಸಿತು, ಎರಡನೆಯದು ಸುಮಾರು 79 ಕೋಟಿ. 2007ರ ಮೂರನೆಯದು ಸುಮಾರು 89 ಕೋಟಿ. ಮೂರರಲ್ಲಿ ಜಾಸ್ತಿ ದುಡ್ಡು ಮಾಡಿದ್ದು ಮೂರರಲ್ಲಿ ಸೊರಗಿದ ಸಿನಿಮಾ. ಒಂದೇ ಕಥೆಗೆ ಮೂವರು ಖಳರನ್ನು ತಂದು ಯಾರಿಗೂ ಜಾಗ ಸಾಲದ ಹಾಗೆ ಮಾಡಿದರು. ಮರಳಿನ ಮನುಷ್ಯ ಕಣ ಕಣವಾಗಿ ಎದ್ದು ನಿಲ್ಲುವ ಒಂದು ದೃಶ್ಯ ಮಾತ್ರ ಬಂಗಾರ. ಅದನ್ನು ಯೂಟ್ಯೂಬಿನಲ್ಲಿ ನೋಡಿಕೊಳ್ಳಿ.

ಬ್ಯಾಟ್‌ಮನ್: ಖಳನ ಮೇಲೆ ನಿಂತ ಎರಡನೇ ಭಾಗ

ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೀಮ ಗೆಲ್ಲುತ್ತಾನೆ ಅನ್ನೋದು ಇಡೀ ಊರಿಗೆ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಕೂರುವುದು ಕೌರವನಿಗಾಗಿ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅವನು ರಂಗಕ್ಕೆ ಬಂದು ಹಲಗೆ ನಡುಗುವ ಹಾಗೆ ಹೆಜ್ಜೆ ಹಾಕದಿದ್ದರೆ ಭೀಮನ ಗದೆಗೆ ಬೆಲೆ ಎಲ್ಲಿಂದ ಬರಬೇಕು? 2008ರ ‘ದ ಡಾರ್ಕ್ ನೈಟ್’ ಗೆದ್ದದ್ದು ಹೀಗೆಯೇ.

2005ರ ‘ಬ್ಯಾಟ್‌ಮನ್ ಬಿಗಿನ್ಸ್’ ಒಳ್ಳೆಯ ಸಿನಿಮಾ, ನಿಧಾನದ ಸಿನಿಮಾ. ಬಾವಿಗೆ ಬಿದ್ದ ಹುಡುಗ, ಬಾವಲಿಗಳ ಹೆದರಿಕೆ, ಕಣ್ಣೆದುರೇ ತಂದೆತಾಯಿಯ ಕೊಲೆ, ಹಿಮಾಲಯದಲ್ಲಿ ತಾಲೀಮು (ಆ ಹಿಮವನ್ನು ಚಿತ್ರಿಸಿದ್ದು ಐಸ್‌ಲ್ಯಾಂಡಿನಲ್ಲಿ). ವೇಷ ತೊಟ್ಟ ಬ್ಯಾಟ್‌ಮನ್ ಕಾಣಿಸುವ ಹೊತ್ತಿಗೆ ಸಿನಿಮಾ ಸುಮಾರು ದೂರ ಸಾಗಿರುತ್ತದೆ. ಹೊಡೆದಾಟಗಳಲ್ಲಿ ಕ್ಯಾಮೆರಾ ಎಷ್ಟು ಹತ್ತಿರ ಇದೆ ಅಂದರೆ ಯಾರು ಯಾರಿಗೆ ಹೊಡೆದರು ಅಂತ ತಿಳಿಯೋದಿಲ್ಲ. ಇದು ನನ್ನ ಹಳೆಯ ಸಿಟ್ಟು.

ಎರಡನೆಯದರಲ್ಲಿ ಹೀತ್ ಲೆಡ್ಜರ್‌ನ ಜೋಕರ್‌ಗೆ ಹಿನ್ನೆಲೆಯೇ ಇಲ್ಲ. ಬಾಯಿ ಪಕ್ಕದ ಗಾಯ ಹೇಗಾಯಿತು ಅಂತ ಒಬ್ಬರಿಗೆ ಅಪ್ಪನ ಕಥೆ ಹೇಳುತ್ತಾನೆ, ಇನ್ನೊಬ್ಬರಿಗೆ ಹೆಂಡತಿಯ ಕಥೆ ಹೇಳುತ್ತಾನೆ. ಎರಡೂ ಸುಳ್ಳಿರಬಹುದು. ಮೊದಲ ಭಾಗ ಪೂರ್ತಿ ಬ್ಯಾಟ್‌ಮನ್ ಹೇಗಾದ ಅಂತ ವಿವರಿಸಿತು, ಅದರ ಎದುರಿಗೆ ವಿವರಣೆಯೇ ಇಲ್ಲದ ಖಳನನ್ನು ತಂದು ನಿಲ್ಲಿಸಿದ್ದಾರೆ. ಲೆಡ್ಜರ್ 2008ರ ಜನವರಿಯಲ್ಲಿ, ಸಿನಿಮಾ ತೆರೆಗೆ ಬರುವ ಮುಂಚೆಯೇ ತೀರಿಕೊಂಡ. ಮರುವರ್ಷ ಪೋಷಕ ನಟನ ಆಸ್ಕರ್ ಅವನ ಹೆಸರಿಗೆ ಬಂತು, ಮನೆಯವರು ತಗೊಂಡರು.

ಎರಡು ದೋಣಿಗಳ ದೃಶ್ಯ ನೋಡಿ. ಒಂದರಲ್ಲಿ ಊರಿನ ಜನ, ಇನ್ನೊಂದರಲ್ಲಿ ಕೈದಿಗಳು. ಆ ದೋಣಿಯನ್ನು ಸ್ಫೋಟಿಸುವ ಗುಂಡಿ ಈ ದೋಣಿಯಲ್ಲಿ, ಈ ದೋಣಿಯದು ಆ ದೋಣಿಯಲ್ಲಿ. ಮಧ್ಯರಾತ್ರಿಯೊಳಗೆ ಯಾರಾದರೂ ಒತ್ತದಿದ್ದರೆ ಎರಡನ್ನೂ ಉಡಾಯಿಸುತ್ತೇನೆ ಅಂತ ಜೋಕರ್ ಹೇಳಿದ್ದಾನೆ. ಇಲ್ಲಿ ಬ್ಯಾಟ್‌ಮನ್‌ನ ಬಲಕ್ಕೆ ಕೆಲಸವೇ ಇಲ್ಲ. ಗಡಿಯಾರ ಓಡುತ್ತದೆ, ಜನ ಬೆವರುತ್ತಾರೆ, ಕೈದಿಗಳ ಕಡೆ ಒಬ್ಬ ದೈತ್ಯ ಮನುಷ್ಯ ಎದ್ದು ಬಂದು ಅಧಿಕಾರಿಯ ಮುಂದೆ ಕೈ ಚಾಚುತ್ತಾನೆ. ಅವನು ಆ ಗುಂಡಿಯನ್ನು ಏನು ಮಾಡುತ್ತಾನೆ ಅಂತ ನಾನು ಹೇಳೋದಿಲ್ಲ.

ಮೊದಲನೆಯದು ಬಿಟ್ಟು ನೇರ ಎರಡನೆಯದಕ್ಕೆ ಹೋಗಬಹುದಾ? ಹೋಗಬಹುದು, ಕಥೆ ಅರ್ಥವಾಗುತ್ತದೆ. ಆದರೆ ಸಿನಿಮಾದ ನಡುವೆ ಒಂದು ಏಟು ಬೀಳುತ್ತದೆ. ಹೀರೊನ ಬಾಲ್ಯದ ಗೆಳತಿ ರೇಚಲ್, ಮನೆ ನೋಡಿಕೊಳ್ಳುವ ಆಲ್‌ಫ್ರೆಡ್, ಪೊಲೀಸ್ ಅಧಿಕಾರಿ ಗಾರ್ಡನ್ ಜೊತೆ ಮೊದಲ ಭಾಗದಿಂದ ಬಂದವರಿಗೆ ಆ ಏಟು ಜೋರಾಗಿ ತಾಗುತ್ತದೆ. ಒಂದು ಗೊಂದಲ ಮೊದಲೇ ತಿಳಿದಿರಲಿ: ರೇಚಲ್ ಪಾತ್ರಕ್ಕೆ ಮೊದಲನೆಯದರಲ್ಲಿ ಕೇಟಿ ಹೋಮ್ಸ್, ಎರಡನೆಯದರಲ್ಲಿ ಮ್ಯಾಗಿ ಜಿಲೆನ್‌ಹಾಲ್. ಮನೆಯಲ್ಲಿ ಯಾರಾದರೂ “ಇವಳು ಯಾರು ಹೊಸಬಳು?” ಅಂತ ಕೇಳೇ ಕೇಳುತ್ತಾರೆ.

ಈ ಸಿನಿಮಾವನ್ನು ಫೋನಿನಲ್ಲಿ ನೋಡಬೇಡಿ. ಬ್ಯಾಂಕ್ ದರೋಡೆಯ ಶುರು ಸೇರಿ ಕೆಲವು ಭಾಗಗಳನ್ನು ಭಾರಿ ದೊಡ್ಡ ಪರದೆಗೆಂದೇ ಇರುವ ಐಮ್ಯಾಕ್ಸ್ ಕ್ಯಾಮೆರಾದಲ್ಲೇ ಚಿತ್ರಿಸಿದ್ದಾರೆ. ಪಲ್ಟಿ ಹೊಡೆಯುವ ಲಾರಿ ಷಿಕಾಗೊ ರಸ್ತೆಯಲ್ಲಿ ನಿಜವಾಗಿ ಪಲ್ಟಿ ಹೊಡೆದದ್ದು. ಉರುಳುವ ಆಸ್ಪತ್ರೆ ಕೂಡ ಕೆಡವಲು ಬಿಟ್ಟಿದ್ದ ಒಂದು ಹಳೇ ಮಿಠಾಯಿ ಕಾರ್ಖಾನೆ, ನಿಜಕ್ಕೂ ಉರುಳಿಸಿದರು. ಐಮ್ಯಾಕ್ಸ್ ಪರದೆ ಮೇಲೆ ನೋಡುವ ಹಟ ಇರೋರು ಮರುಬಿಡುಗಡೆ ಆದಾಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೇ ಹೋಗಬೇಕು. ಉಳಿದವರಿಗೆ ಮನೆಯ ದೊಡ್ಡ ಟಿವಿ ಸಾಕು, ಲೈಟ್ ಆರಿಸಿ. ಚಿಕ್ಕ ಮಕ್ಕಳಿಗೆ ಇದು ಬೇಡ.

ಎರಡನೆಯದು ಸೋತ ಜೋಡಿಗಳು

‘ವಂಡರ್ ವುಮನ್’ (2017) ಸಿನಿಮಾದಲ್ಲಿ ಮೊದಲ ಮಹಾಯುದ್ಧದ ಕಂದಕದಿಂದ ಡಯಾನಾ ಏಣಿ ಹತ್ತಿ ಮೇಲೆ ಬರುವ ದೃಶ್ಯ ಇದೆ. ಗುಂಡುಗಳೆಲ್ಲ ಅವಳ ಗುರಾಣಿಗೆ ಬೀಳುತ್ತವೆ, ಹಿಂದಿನಿಂದ ಸೈನಿಕರು ಒಬ್ಬೊಬ್ಬರೇ ಧೈರ್ಯ ಮಾಡಿ ಏಳುತ್ತಾರೆ. ಅದೊಂದಕ್ಕಾಗಿ ಆದರೂ ನೋಡಿ. 2020ರಲ್ಲಿ ಬಂದ ಮುಂದಿನ ಭಾಗದ ಯೋಚನೆ ಕೆಟ್ಟದ್ದೇನಲ್ಲ: ಕೇಳಿದ ವರ ಸಿಗುತ್ತದೆ, ಪ್ರತಿಯಾಗಿ ನಿಮ್ಮದೊಂದು ಹೋಗುತ್ತದೆ. ಸತ್ತ ಪ್ರಿಯಕರ ವಾಪಸ್ ಬಂದ, ಅವಳ ಶಕ್ತಿ ಇಳಿಯುತ್ತಾ ಬಂತು. ನನ್ನ ಲೆಕ್ಕದ ಪ್ರಕಾರ ಇದು ಗೆಲ್ಲಬೇಕಿತ್ತು. ಅವನನ್ನು ಬಿಟ್ಟುಕೊಡುವ ದೃಶ್ಯ ಮನಸ್ಸಿಗೆ ನಾಟುತ್ತದೆ ಕೂಡ. ಆದರೆ ಅಷ್ಟಾದ ಮೇಲೆ ಬಂಗಾರದ ರೆಕ್ಕೆ, ಕತ್ತಲಲ್ಲಿ ಕಂಪ್ಯೂಟರ್ ಹೊಡೆದಾಟ, ಕೊನೆಗೊಂದು ಉದ್ದದ ಭಾಷಣ. 151 ನಿಮಿಷ. ಮುಂದಿನ ಭಾಗದ ಚಿಂತೆ ಬಿಟ್ಟು ಮೊದಲನೆಯದನ್ನೇ ಇನ್ನೊಂದು ಸಲ ನೋಡಿ.

‘ಐರನ್ ಮ್ಯಾನ್ 2’ (2010) ಬೇಜಾರಿನ ಸಿನಿಮಾ ಅಲ್ಲ, ಆದರೆ ಅರ್ಧ ಹೊತ್ತು ಹಲವು ಹೀರೊಗಳು ಒಂದಾಗುವ, ಮುಂದೆ ಬರಲಿದ್ದ ‘ಅವೆಂಜರ್ಸ್’ಗೆ ಚಪ್ಪರ ಹಾಕುವುದರಲ್ಲೇ ಕಳೆಯುತ್ತದೆ. 2008ರ ಮೊದಲನೆಯದರಲ್ಲಿ ಗುಹೆಯೊಳಗೆ ಸುತ್ತಿಗೆ ಹಿಡಿದು ಕವಚ ಬಡಿಯುವ ಟೋನಿ ಸ್ಟಾರ್ಕ್ ಇದ್ದಾನಲ್ಲ, ಅವನೇ ಸಾಕು.

‘ಜೋಕರ್’ (2019) ಹೀರೊ ಕಥೆ ಅಲ್ಲ, ಆದರೂ ಅದೇ ಮನೆತನದ್ದು. ವಾಕೀನ್ ಫೀನಿಕ್ಸ್‌ಗೆ ನಟನೆಯ ಆಸ್ಕರ್ ಬಂತು, ಗಳಿಕೆ 100 ಕೋಟಿ ಡಾಲರ್ ದಾಟಿತು. 2024ರ ಎರಡನೆಯದು ನ್ಯಾಯಾಲಯ ಮತ್ತು ಹಾಡು ಎರಡನ್ನೂ ಬೆರೆಸಲು ಹೋಯಿತು. ಹಾಡು ಬಂದರೆ ನಮಗೇನೂ ತಕರಾರಿಲ್ಲ, ಹುಟ್ಟಿದಾಗಿನಿಂದ ಹಾಡಿರುವ ಸಿನಿಮಾಗಳನ್ನೇ ನೋಡಿದವರು ನಾವು. ತೊಂದರೆ ಏನಂದರೆ ಹಾಡು ಮುಗಿದ ಮೇಲೂ ಕಥೆ ನಿಂತ ಜಾಗದಲ್ಲೇ ನಿಂತಿರುತ್ತದೆ.

ಮಕ್ಕಳ ಜೊತೆ ನೋಡುವುದಾದರೆ

‘ದ ಇನ್‌ಕ್ರೆಡಿಬಲ್ಸ್’ ಬಂದದ್ದು 2004ರಲ್ಲಿ, ಎರಡನೆಯದು 2018ರಲ್ಲಿ. ನಡುವೆ 14 ವರ್ಷ, ಆದರೆ ಕಥೆ ಮೊದಲನೆಯದು ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಮೊದಲನೆಯದನ್ನು ಕಾರ್ಟೂನ್ ಅಂತ ತಳ್ಳಿಹಾಕಬೇಡಿ. ಸೂಪರ್‌ಹೀರೊಗಳನ್ನೇ ಸರ್ಕಾರ ನಿಷೇಧಿಸಿದೆ. ಊರು ಕಾಪಾಡಿದ ದೊಡ್ಡ ಮನುಷ್ಯ ಈಗ ವಿಮಾ ಕಂಪನಿಯ ಗುಮಾಸ್ತ, ಕೂತರೆ ಮೈ ಹಿಡಿಸದ ಮೇಜು, ಮೈ ಹಿಡಿಸದ ಕಾರು. ಕುಳ್ಳ ಬಾಸ್ ಕಣ್ಣು ತಪ್ಪಿಸಿ ಅವನು ಒಬ್ಬ ಅಜ್ಜಿಗೆ ಕ್ಲೇಮ್ ಪಡೆಯುವ ದಾರಿಯನ್ನು ಪಿಸುಮಾತಿನಲ್ಲಿ ಹೇಳಿಕೊಡುತ್ತಾನೆ. ಮಕ್ಕಳು ಓಟ-ಹಾರಾಟಕ್ಕೆ ನಗುತ್ತಾರೆ, ದೊಡ್ಡವರಿಗೆ ಈ ದೃಶ್ಯ ಹಿಡಿಸುತ್ತದೆ.

ಅಂದರೆ ಬೇರೆಯವರು ಎರಡನೇ ಭಾಗಕ್ಕೆ ಉಳಿಸಿಟ್ಟುಕೊಳ್ಳುವ ಕಷ್ಟದ ಕಥೆಯನ್ನು ಇಲ್ಲಿ ಮೊದಲನೆಯದೇ ಹೇಳಿ ಮುಗಿಸಿದೆ. 2018ರದ್ದಕ್ಕೆ ಉಳಿದದ್ದು ತಮಾಷೆ. ಅಮ್ಮ ಕೆಲಸಕ್ಕೆ ಹೋಗುತ್ತಾಳೆ, ಅಪ್ಪ ಮನೆಯಲ್ಲಿ ಮಗನ ಹೊಸ ಗಣಿತದ ಜೊತೆ ಒದ್ದಾಡುತ್ತಾನೆ, ಕೈಗೂಸು ಹಿತ್ತಲಲ್ಲಿ ಒಂದು ರಕೂನ್ ಜೊತೆ ಕಾದಾಡುತ್ತದೆ. ಆ ಕಾದಾಟಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಒಂದು ಎಚ್ಚರಿಕೆ ಇದೆ: ಎರಡನೆಯದರಲ್ಲಿ ಬೆಳಕು ಪಟಪಟ ಮಿನುಗುವ ದೃಶ್ಯಗಳಿವೆ, ಬಿಡುಗಡೆ ಆದಾಗ ಅಮೆರಿಕದ ಚಿತ್ರಮಂದಿರಗಳಲ್ಲಿ ಬೋರ್ಡ್ ಹಾಕಿದ್ದರು. ಮನೆಯಲ್ಲಿ ಮೂರ್ಛೆ ರೋಗದ ತೊಂದರೆ ಯಾರಿಗಾದರೂ ಇದ್ದರೆ ಅವರಿಗೆ ಬೇಡ.

ಎರಡನ್ನೂ ನೋಡಲೇಬೇಕಾದವು

‘ಕ್ಯಾಪ್ಟನ್ ಅಮೆರಿಕ’ದ ಮೊದಲನೆಯದು (2011) ಯುದ್ಧಕಾಲದ ಹಳೇ ಮಾದರಿ ಕಥೆ, ಸಪ್ಪೆ ಅನ್ನೋರೂ ಇದ್ದಾರೆ. ಎರಡನೆಯದು ‘ದ ವಿಂಟರ್ ಸೋಲ್ಜರ್’ (2014) ಜಾತಿಯನ್ನೇ ಬದಲಿಸಿ ಗೂಢಚಾರರ ಸಿನಿಮಾ ಆಯಿತು. ಅದರ ಲಿಫ್ಟ್ ದೃಶ್ಯದಲ್ಲಿ ಒಂದೊಂದು ಮಹಡಿಗೆ ಇನ್ನಷ್ಟು ಗಂಡಸರು ಹತ್ತಿಕೊಳ್ಳುತ್ತಾರೆ. ಒಬ್ಬನ ಕೆನ್ನೆ ಮೇಲೆ ಬೆವರು ಇಳಿಯುತ್ತದೆ. ಶುರು ಮಾಡುವ ಮುಂಚೆ ಯಾರಾದರೂ ಇಳಿಯೋದಿದೆಯಾ ಅಂತ ಕ್ಯಾಪ್ಟನ್ ಮರ್ಯಾದೆಯಿಂದ ಕೇಳುತ್ತಾನೆ. ಎರಡನೆಯದೇ ಮೇಲು, ಅನುಮಾನ ಬೇಡ. ಆದರೆ ಮೊದಲನೆಯದು ನೋಡದಿದ್ದರೆ ಆ ಚಳಿಗಾಲದ ಸೈನಿಕ ಯಾರು ಅನ್ನೋದು ನಿಮಗೆ ಸುಮ್ನೆ ಒಂದು ಮಾಹಿತಿ ಆಗಿಬಿಡುತ್ತದೆ.

‘ಬ್ಲ್ಯಾಕ್ ಪ್ಯಾಂಥರ್’ ಜೋಡಿಯನ್ನು ತಕ್ಕಡಿಗೆ ಹಾಕೋದೇ ಕಷ್ಟ. 2018ರ ಮೊದಲನೆಯದು ಆಸ್ಕರ್‌ನ ಅತ್ಯುತ್ತಮ ಚಿತ್ರ ಪಟ್ಟಿಗೆ ಸೇರಿದ ಮೊದಲ ಸೂಪರ್‌ಹೀರೊ ಸಿನಿಮಾ, ಮೂರು ಆಸ್ಕರ್ ಗೆದ್ದಿತು. ಹೀರೊ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಪಾತ್ರಕ್ಕೆ ಬೇರೆ ನಟನನ್ನು ತರಲಿಲ್ಲ. 2022ರ ‘ವಕಾಂಡಾ ಫಾರೆವರ್’ ಶುರುವಾಗುವುದೇ ರಾಜನ ಸಾವಿನಿಂದ, ಬಿಳಿ ಬಟ್ಟೆ ತೊಟ್ಟ ಜನರ ಮೆರವಣಿಗೆಯಿಂದ. ಕಂಪನಿಯ ಲಾಂಛನ ಬರುವಾಗ ಸಂಗೀತ ಇಲ್ಲ, ಬೋಸ್‌ಮನ್ ಮುಖಗಳು ಮಾತ್ರ. ಸಿನಿಮಾ ಉದ್ದ, 161 ನಿಮಿಷ, ನಡುವೆ ಸಡಿಲವಾಗುತ್ತದೆ. ಕಥೆಯಾಗಿ ಮೊದಲನೆಯದೇ ಬಿಗಿ. ಆದರೂ ಮೊದಲನೆಯದನ್ನು ಮೆಚ್ಚಿದವರು ಎರಡನೆಯದನ್ನು ಬಿಡಬಾರದು, ಮೊದಲನೆಯದನ್ನು ನೋಡದವರು ಎರಡನೆಯದಕ್ಕೆ ಹೋಗಬಾರದು.

ಕನ್ನಡದಲ್ಲೇ ಬೇಕು ಅನ್ನೋರಿಗೆ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಇದೆ. 2023ರ ಜೂನ್‌ನಲ್ಲಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲೊಂದು. 2018ರ ಮೊದಲ ಭಾಗಕ್ಕೆ ಆಸ್ಕರ್ ಬಂದಿತ್ತು. ಎರಡನೆಯದು ಅದಕ್ಕಿಂತ ಒಂದು ಕೈ ಮೇಲೆ: ಒಂದೊಂದು ಲೋಕಕ್ಕೆ ಒಂದೊಂದು ಚಿತ್ರ ಶೈಲಿ, ಮುಂಬೈ ಹೋಲುವ ಊರಿನಲ್ಲಿ ಪವಿತ್ರ್ ಪ್ರಭಾಕರ್ ಅನ್ನೋ ನಮ್ಮ ಹುಡುಗ. ಸ್ಪೈಡರ್‌ಮ್ಯಾನ್ ಆದವನ ಬದುಕಿನಲ್ಲಿ ಹತ್ತಿರದವರ ಸಾವು ಆಗಲೇಬೇಕು ಅನ್ನೋ ನಿಯಮವನ್ನು ಬೇರೆ ಲೋಕಗಳ ಬಹಳಷ್ಟು ಸ್ಪೈಡರ್‌ಮ್ಯಾನ್‌ಗಳು ಒಪ್ಪಿದ್ದಾರೆ, ಈ ಸಿನಿಮಾದ ಹೀರೊ ಮೈಲ್ಸ್ ಒಪ್ಪೋದಿಲ್ಲ. ಇಷ್ಟು ಗಟ್ಟಿ ಪ್ರಶ್ನೆ ಇಟ್ಟು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ಮೂರನೆಯದಕ್ಕೆ ಅಂತ ಕಳಿಸುತ್ತಾರೆ. ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲಾಂದ್ರೆ ಜೊತೆಗೆ ಬಂದ ಮಾವ ನಿಮ್ಮನ್ನು ಬೈಯುತ್ತಾರೆ.

ನಮ್ಮ ದೇಶದ್ದು

‘ಕ್ರಿಷ್’ ನೋಡೋರು ಕೇಳುವ ಮೊದಲ ಪ್ರಶ್ನೆ, ‘ಕ್ರಿಷ್ 2’ ಎಲ್ಲಿ ಹೋಯ್ತು ಅಂತ. ಅದು ಇಲ್ಲವೇ ಇಲ್ಲ. 2003ರ ‘ಕೋಯಿ ಮಿಲ್ ಗಯಾ’ವನ್ನು ಮೊದಲನೆಯದು ಅಂತ ಎಣಿಸಿ, 2006ರ ‘ಕ್ರಿಷ್’ ಎರಡನೆಯದು, 2013ರದ್ದು ನೇರವಾಗಿ ‘ಕ್ರಿಷ್ 3’. ಮೊದಲನೆಯದರಲ್ಲಿ ಮುಖವಾಡವೂ ಇಲ್ಲ, ಖಳನ ಸಾಮ್ರಾಜ್ಯವೂ ಇಲ್ಲ. ಬುದ್ಧಿ ಬೆಳೆಯದ ಹುಡುಗ, ಅವನಿಗೆ ಗೆಳೆಯನಾದ ಜಾದೂ ಅನ್ನೋ ಅನ್ಯಗ್ರಹ ಜೀವಿ. ಅಮ್ಮನಾಗಿ ರೇಖಾ ಇದ್ದಾರೆ. ಇವತ್ತಿಗೂ ಕಣ್ಣು ಒದ್ದೆಯಾಗುವುದು ಅದನ್ನು ನೋಡಿಯೇ. ‘ಕ್ರಿಷ್’ನ ಹಾರಾಟ ಆಗ ಮಕ್ಕಳಿಗೆ ಹುಚ್ಚು ಹಿಡಿಸಿತ್ತು, ಈಗ ನೋಡಿದರೆ ಮೊದಲ ಅರ್ಧ ಎಳೆದ ಹಾಗಿದೆ. ನನ್ನ ಓಟು 2003ಕ್ಕೆ.

ತೆಲುಗಿನ ‘ಹನುಮಾನ್’ 2024ರ ಜನವರಿಯಲ್ಲಿ ಬಂದಾಗ ನಮ್ಮ ಗಡಿ ಸೀಮೆಯಲ್ಲಿ ಒಂದು ತಮಾಷೆ ಇತ್ತು. ಸಿನಿಮಾದ ಊರಿನ ಹೆಸರು ಅಂಜನಾದ್ರಿ, ಕಲ್ಪನೆಯ ಊರು. ಗಂಗಾವತಿ ಪಕ್ಕದ ನಮ್ಮ ಅಂಜನಾದ್ರಿಯ ಬಂಡೆ ಬೆಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಹನುಮ ಹುಟ್ಟಿದ ಜಾಗ ಅಂತ ನಂಬಿ ಮೆಟ್ಟಿಲು ಹತ್ತುವ ಜನಕ್ಕೆ ಹಾರುವವನೇನೂ ಹೊಸಬನಲ್ಲ, ಹಾರಿ ಏನು ಮಾಡಿದ ಅನ್ನೋದೇ ಲೆಕ್ಕ. ಮುಂದಿನ ಭಾಗದಲ್ಲಿ ರಿಷಬ್ ಶೆಟ್ಟಿ ಹನುಮನಾಗುತ್ತಾರೆ ಅಂತ 2024ರಲ್ಲೇ ಘೋಷಣೆ ಆಗಿದೆ. ಮೊದಲನೆಯದು ಅಕ್ಕನ ಜೊತೆ ಜಗಳ ಆಡುವ, ಸಣ್ಣಪುಟ್ಟ ಕಳ್ಳತನ ಮಾಡುವ ಹಳ್ಳಿ ಹುಡುಗನ ಕಥೆ ಆಗಿದ್ದಕ್ಕೇ ಚೆನ್ನಾಗಿತ್ತು. ದೇವರೇ ನಾಯಕನಾದರೆ ಆ ಸಲಿಗೆ ಉಳಿಯುತ್ತಾ ಅಂತ ಕಾದು ನೋಡಬೇಕು.

ಟಿಕೆಟ್ ತಗೊಳ್ಳುವ ಮುಂಚೆ

ಹೊಸದಾಗಿ ಒಂದು ಎರಡನೇ ಭಾಗ ಊರಿಗೆ ಬಂತು ಅಂತಿಟ್ಟುಕೊಳ್ಳಿ. ಟ್ರೇಲರ್‌ನಲ್ಲಿ ಎಷ್ಟು ಖಳರು ಅಂತ ಎಣಿಸಿ. ಇಬ್ಬರಿಗಿಂತ ಜಾಸ್ತಿ ಇದ್ದರೆ ಮೊದಲ ವಾರದ ಟಿಕೆಟ್‌ಗೆ ಒದ್ದಾಡಬೇಡಿ. ನಿರ್ದೇಶಕ ಅದೇ ಮನುಷ್ಯನಾ ಅಂತ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ವಂಡರ್ ವುಮನ್ ಎರಡೂ ಪ್ಯಾಟಿ ಜೆಂಕಿನ್ಸ್ ಅವರದ್ದೇ, ವಿಂಟರ್ ಸೋಲ್ಜರ್ ಹೊಸಬರಾದ ರೂಸೊ ಅಣ್ಣತಮ್ಮಂದಿರದ್ದು. ಹೀರೊ ವೇಷ ಇಲ್ಲದೆ, ಮನೆಯಲ್ಲೋ ಅಡುಗೆಮನೆಯಲ್ಲೋ ಇರುವ ಒಂದು ದೃಶ್ಯವಾದರೂ ಟ್ರೇಲರ್‌ನಲ್ಲಿ ಕಂಡರೆ ನನಗೆ ನಂಬಿಕೆ ಬರುತ್ತದೆ.

ಯಾವ ಹೊತ್ತಿಗೆ ಹೋಗೋದು ಅನ್ನೋದಕ್ಕೆ ನಮ್ಮ ಕಡೆ ಒಂದೇ ಉತ್ತರ. ಮೇ ತಿಂಗಳ ಬಳ್ಳಾರಿ, ರಾಯಚೂರು ಬಿಸಿಲಿನಲ್ಲಿ ಮ್ಯಾಟ್ನಿಗೆ ಹೋಗೋದು ಅರ್ಧ ಎಸಿಗಾಗಿ ಅಲ್ವಾ? ಹಾಗೆ ನೋಡಿದರೆ ಉದ್ದದ ಸಿನಿಮಾ ಲಾಭವೇ. ಹಾಲಿವುಡ್ ಸಿನಿಮಾಗಳಲ್ಲಿ ಇಂಟರ್ವಲ್ ಇರೋದಿಲ್ಲ, ನಮ್ಮವರು ಸಿಕ್ಕ ಜಾಗದಲ್ಲಿ ಕತ್ತರಿಸುತ್ತಾರೆ, ಕೆಲವೊಮ್ಮೆ ಮಾತಿನ ನಡುವೆಯೇ. ಮನೆಯಲ್ಲಿ ನೋಡುವುದಾದರೆ ಯಾವ ಸಿನಿಮಾ ಯಾವ ಆ್ಯಪ್‌ನಲ್ಲಿದೆ, ಯಾವ ಭಾಷೆಯಲ್ಲಿದೆ ಅನ್ನೋದನ್ನು ಅವತ್ತೇ ಹುಡುಕಿ, ಅದು ಬದಲಾಗುತ್ತಲೇ ಇರುತ್ತದೆ.

ಕೊನೆಯ ಹೆಸರುಗಳು ಓಡುವಾಗ ಏಳಬೇಕಾ, ಕೂರಬೇಕಾ? ಸ್ಪೈಡರ್‌ಮ್ಯಾನ್ 2, ಡಾರ್ಕ್ ನೈಟ್ ಎರಡರಲ್ಲೂ ಆಮೇಲೆ ಏನೂ ಇಲ್ಲ. ವಿಂಟರ್ ಸೋಲ್ಜರ್‌ನಲ್ಲಿ ಎರಡು ದೃಶ್ಯಗಳಿವೆ, ಒಂದು ನಡುವೆ, ಒಂದು ಕಟ್ಟಕಡೆಗೆ. ಗೇಟ್ ತೆಗೆದು ಲೈಟ್ ಹಾಕಿದರೂ ಕೂತಿರಿ. ವಕಾಂಡಾ ಫಾರೆವರ್‌ನಲ್ಲಿ ನಡುವೆ ಒಂದೇ ಒಂದು, ಅದನ್ನು ಮಾತ್ರ ಬಿಡಬೇಡಿ. ಅದಾದ ಮೇಲೆ ಆಟೊ ಹಿಡಿಯಬಹುದು.